ಮೇಲೇರಿದ ಕೆಳತೊಟ್ಟಿ

ನಮ್ಮೂರಿಗೆ ಸಮುದ್ರವಿಲ್ಲ. ಮನೆಗೊಂದಿದೆ. ಹಾಲಿನ ಗೋಡೆಗೊತ್ತಿದ ಕಡಪಕಲ್ಲಿನ ಕಟ್ಟೆಯ ಮೇಲೆ, ನಾಲ್ಕು ಗಾಜಿನ ನಡುವೆ ಅದು ಕೂತಿರುತ್ತದೆ. ಕೆಲವರದ್ದು ಬೀರುವಿನಷ್ಟು ದೊಡ್ಡದು, ನಮ್ಮದು ಹೊಲಿಗೆ ಮಿಷನ್ನಿನಷ್ಟು. ಒಳಗೆ ಉಪ್ಪುನೀರು, ಎರಡು ಹಿಡಿ ಮರಳು, ತೂತು ತೂತು ಕಲ್ಲುಗಳು, ಸದಾ ಜಗಳವಾಡುವ ಎರಡು ಪಟ್ಟೆಮೀನು, ಮತ್ತೆ ಒಂದು ಹೂಗಲ್ಲು. ಹೂಗಲ್ಲೆಂದರೆ ಹವಳ. ನೋಡಲು ಕಲ್ಲು, ಆದರೆ ದೀಪ ಹಾಕಿದ ಕೂಡಲೇ ಮೈತುಂಬ ಪುಟ್ಟ ಬಾಯಿಗಳನ್ನು ತೆರೆದುಕೊಂಡು ಅರಳುತ್ತದೆ.

ಈ ನೀರಿಗೆ ಕಿವಿಯಿದೆ. ಮನೆಯೊಳಗೆ ಯಾರು ಸುಳ್ಳು ಹೇಳಿದರೂ ಅದು ಹಸಿರಾಗುತ್ತದೆ. ಚಿಕ್ಕ ಸುಳ್ಳಿಗೆ ಗಾಜಿನ ಮೇಲೆ ಹಸಿರು ಧೂಳು, ದೊಡ್ಡದಕ್ಕೆ ಕಲ್ಲಿನ ಮೇಲೆ ಕೂದಲಿನಂಥ ಪಾಚಿ. ಹಾಗಾಗಿ ನಮ್ಮೂರಿನವರು ಸುಳ್ಳನ್ನು ಮನೆಯೊಳಗೆ ಹೇಳುವುದಿಲ್ಲ. ಚಪ್ಪಲಿ ಮೆಟ್ಟಿಕೊಂಡು ಹೊಸ್ತಿಲು ದಾಟಿ, ಬೀದಿಯಲ್ಲಿ ನಿಂತು ಹೇಳಿ, ಮತ್ತೆ ಕಾಲು ತೊಳೆದು ಒಳಗೆ ಬರುತ್ತಾರೆ. ನೆಂಟರು ಒಳಗಿದ್ದಾಗ "ಉಪ್ಪಿಟ್ಟು ಒಣಗಿದೆ ಕಣ್ರೀ, ಆದ್ರೂ ಇನ್ನೊಂದು ಸೌಟು ಹಾಕಿ" ಎನ್ನುತ್ತಾರೆ. ಹೊರಡುವಾಗ ಬೀದಿಗಿಳಿದು "ಅಮೃತ ಕಣ್ರೀ, ಅಮೃತ!" ಎಂದು ಕೂಗುತ್ತಾರೆ. ಅಡುಗೆಮನೆಯಿಂದ ಕರೆದಾಗ ಬೇರೆ ಊರಿನವರು ಕೂತಲ್ಲಿಂದಲೇ "ಬಂದೆ, ಬಂದೆ" ಎನ್ನುತ್ತಾರಂತೆ. ನಮ್ಮಲ್ಲಿ ಹಾಗಿಲ್ಲ. ಎದುರಿಗೆ ಹೋಗಿ ನಿಂತ ಮೇಲೇ "ಬಂದೆ" ಎನ್ನಬೇಕು.

ಇಂಥ ಊರಿನಲ್ಲಿ ನಾನು ಹುಟ್ಟಿದೆ. ಹೆಸರು ದಮಯಂತಿ, ಊರೆಲ್ಲ ಕರೆಯುವುದು ದಮ್ಮು ಎಂದು. ವಯಸ್ಸು ಹತ್ತೊಂಬತ್ತು. ಟಾಕೀಸಿನ ಬಾಗಿಲಲ್ಲಿ ಟಿಕೆಟ್ ಹರಿಯುವುದು ನನ್ನ ಕೆಲಸ. ಒಂದೊಂದು ಸಿನಿಮಾವನ್ನು ನಲವತ್ತು ಸಲ ಪರದೆಯ ಹಿಂದಿನಿಂದ ಕೇಳಿ ಕೇಳಿ, ನನ್ನ ಬಾಯಿಂದ ಸಾದಾ ಮಾತು ಬರುವುದೇ ನಿಂತುಹೋಗಿದೆ. ಹಾಲು ತರಲು ಕಳಿಸಿದರೆ "ಈ ದಮ್ಮು ಹೊರಟಳು ಅಂದ್ರೆ ಹಾಲೇ ಎದ್ದು ಎದುರಿಗೆ ಬರುತ್ತೆ!" ಎಂದು ಸೆರಗು ಝಾಡಿಸಿಯೇ ಹೊರಡುವುದು. ಅದಕ್ಕೆ ಜೊತೆಯಾಗಿ ಕೀಟಲೆ ಬೇರೆ. ಹೋದ ಯುಗಾದಿಯಂದು ಪಕ್ಕದ ಮನೆಯ ಉಮಾಪತಿ ಮೇಷ್ಟ್ರಿಗೆ ಗೋಡೆಯಾಚೆಯಿಂದ ಖಳನಾಯಕನ ದನಿ ಮಾಡಿ, "ಮೇಷ್ಟ್ರೇ, ನಿಮ್ಮ ಹೂಗಲ್ಲು ನಮ್ಮ ವಶದಲ್ಲಿದೆ" ಎಂದು ಹೇಳಿದ್ದೆ. ಪಾಪ, ಒಬ್ಬಟ್ಟನ್ನು ಕೈಯಲ್ಲಿ ಹಿಡಿದುಕೊಂಡೇ ಹಾಲಿಗೆ ಓಡಿದ್ದರು. ಅವತ್ತು ನಮ್ಮ ತೊಟ್ಟಿಯ ಎಡಗಡೆಯ ಗಾಜು ಪೂರ್ತಿ ಹಸಿರಾಯಿತು.

ಮನೆಯಲ್ಲಿ ನಾವು ನಾಲ್ವರು. ಅಪ್ಪ ಅಮ್ಮ ಟಾಕೀಸಿನ ಕ್ಯಾಂಟೀನು ನಡೆಸುತ್ತಾರೆ, ಬೆಳಿಗ್ಗೆ ಹೋದರೆ ಮನೆಗೆ ಬರುವುದು ನಿದ್ದೆ ಮಾಡುವುದಕ್ಕಷ್ಟೇ. ಹಾಗಾಗಿ ಮನೆಯಲ್ಲಿ ಕೆಲಸ ಮಾಡುವ ಬಾಯಿಗಳು ಎರಡೇ, ನನ್ನದು ಮತ್ತು ಪದ್ದಜ್ಜಿಯದು. ಅಜ್ಜಿ ಊರಿಗೇ ಹೆಸರಾದ ಸತ್ಯವಂತೆ. ಹೂಗಲ್ಲು ಅವಳದ್ದು. ಅವಳಿಗೆ ಹದಿನಾರಾಗಿದ್ದಾಗ ಗೆಳತಿ ಚಂದ್ರವ್ವ ಮದುವೆಯಾಗಿ ಬೇರೆ ಊರಿಗೆ ಹೊರಟವಳು ತನ್ನ ಹೂಗಲ್ಲಿನಿಂದ ಅಂಗಿಗುಂಡಿಯಷ್ಟು ತುಂಡು ಮುರಿದು ಇವಳ ಕೈಗಿಟ್ಟಿದ್ದಳು. ಗುಂಡಿಯಷ್ಟಿದ್ದದ್ದು ಅಂಗೈಯಷ್ಟಾಯಿತು. ಆಮೇಲೆ ಆರು ವರ್ಷದಿಂದ ಅಲ್ಲಿಗೇ ನಿಂತಿದೆ. ಈಗ ಅದರ ಅಂಚಿಗೆ ಕೂದಲುಪಾಚಿ ಹತ್ತಿ, ಅಂಚಿನ ಬಾಯಿಗಳು ಅರಳುವುದನ್ನು ಬಿಟ್ಟಿದ್ದವು.

ಊರಿನ ನೀರು ನೋಡುವವರು ಕಾಮಾಕ್ಷಮ್ಮ. ಪ್ರತಿ ಹುಣ್ಣಿಮೆಯ ಬೆಳಿಗ್ಗೆ ಕಣ್ಣಿನ ಡಾಕ್ಟರ ಹತ್ತಿರ ಇರುವಂಥ ಅಕ್ಷರದ ಹಲಗೆ ಹಿಡಿದು ಮನೆಮನೆಗೆ ಬರುತ್ತಾರೆ. ಹಲಗೆಯನ್ನು ತೊಟ್ಟಿಯ ಹಿಂದಿಟ್ಟು, ತಾವು ಮುಂದೆ ನಿಂತು, ನೀರಿನ ಮೂಲಕ ಓದುತ್ತಾರೆ. ಐದು ಸಾಲು, ಕೊನೆಯದು ಸಾಸಿವೆಯಷ್ಟು ಸಣ್ಣ ಅಕ್ಷರದ್ದು. ಸತತ ಮೂರು ಹುಣ್ಣಿಮೆ ಕೊನೆಯ ಸಾಲು ಕಾಣದಿದ್ದರೆ ಆ ಮನೆಯ ಹೂಗಲ್ಲು ಪಕ್ಕದ ಮನೆಗೆ ಹೋಗಬೇಕು. ನಮ್ಮಲ್ಲಿ ಮೊದಲನೇ ಹುಣ್ಣಿಮೆಗೆ ಮೂರು ಸಾಲು ಕಂಡಿತು. ಎರಡನೆಯದಕ್ಕೆ ಒಂದೇ.

"ಪದ್ದಕ್ಕಾ, ಇನ್ನೊಂದೇ ಸಲ ಉಳಿದಿರೋದು," ಎಂದರು ಕಾಮಾಕ್ಷಮ್ಮ. "ನಂಗೂ ಸಂಕಟಾನೇ. ಆದ್ರೆ ಹಲಗೆ ಸಂಕಟ ಪಡಲ್ಲ ನೋಡಿ."

ಅವರು ಅತ್ತ ಹೋಗುತ್ತಿದ್ದಂತೆ ಇತ್ತ ಉಮಾಪತಿ ಮೇಷ್ಟ್ರು ದಾರದುಂಡೆ ಹಿಡಿದು ಬಂದರು. ಅವರ ತೊಟ್ಟಿಯ ನೀರು ಎಷ್ಟು ತಿಳಿಯೆಂದರೆ ನೀರೇ ಇಲ್ಲವೇನೋ ಎಂದು ಬೆರಳದ್ದಿ ನೋಡಬೇಕು.

"ಅಳತೆ ತಗೊಂಡು ಹೋಗೋಣ ಅಂತ ಬಂದೆ, ಪದ್ದಮ್ಮನವ್ರೇ. ಜಾಗ ಮಾಡ್ಬೇಕಲ್ಲ," ಎಂದು ಗಾಜಿನ ಮೇಲೆ ದಾರ ಹಿಡಿದರು.

"ಇನ್ನೂ ಇಪ್ಪತ್ತೆಂಟು ದಿನ ಇದೆ ಮೇಷ್ಟ್ರೇ," ಎಂದಳು ಅಜ್ಜಿ.

"ದಮಯಂತಿ ಇದಾಳಲ್ಲ," ಎಂದರು ಮೇಷ್ಟ್ರು ಬಲು ಸೌಮ್ಯವಾಗಿ, ಗಂಟು ಹಾಕಿಕೊಳ್ಳುತ್ತ.

ಅವರು ಹೋದ ಮೇಲೆ ಅಜ್ಜಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ತೊಟ್ಟಿಯ ಮುಂದೆ ಕುರ್ಚಿ ಎಳೆದುಕೊಂಡು ಕೂತಳು. "ಆ ಮನೇಲಿ ಯಾರೂ ಜೋರಾಗಿ ನಗೋದೇ ಇಲ್ಲ ಕಣೇ. ಇದು ಬೇಜಾರಿಗೇ ಸತ್ತೋಗುತ್ತೆ," ಎಂದಳು. ನಾನು ಎದ್ದು ನಿಂತೆ. "ಅಜ್ಜಿ! ಇವತ್ತಿಂದ ಈ ದಮ್ಮೂನ ಬಾಯಿಗೆ ಇಂಟರ್ವಲ್ಲು! ಎರಡನೇ ಭಾಗ ಹುಣ್ಣಿಮೆ ಆದ್ಮೇಲೆ!"

ಬಾಯಿಗೆ ಬಿಳಿ ಪಟ್ಟಿ ಅಂಟಿಸಿಕೊಂಡೆ. ಊಟಕ್ಕೆ ಮಾತ್ರ ಬಿಚ್ಚುವುದು. ಟಾಕೀಸಿನ ಬಾಗಿಲಲ್ಲಿ ಮೂಕಿಯಂತೆ ಟಿಕೆಟ್ ಹರಿದೆ. ಜನ ಒಳಗೆ ಹೋಗುವಾಗ "ಯಾರಾದ್ರೂ ಹೋಗ್ಬಿಟ್ರೇನಮ್ಮಾ?" ಎಂದು ಪಿಸುಗುಟ್ಟಿ ಕೇಳಿದರು. ಮೂರನೇ ದಿನ ಕನಸಿನಲ್ಲಿ ಡೈಲಾಗ್ ಹೊಡೆದುಬಿಟ್ಟೆನೇನೋ ಎಂದು ಹೆದರಿ ಎದ್ದು ಕೂತೆ. ಹೀಗೆ ಒಂಬತ್ತು ದಿನ. ಹತ್ತನೇ ದಿನ ಗಾಜು ನೋಡುತ್ತೇನೆ, ಮೊದಲಿಗಿಂತ ಹಸಿರು! ಹೂಗಲ್ಲಿನ ಅಂಚಿನ ಪಾಚಿ ಒಂದು ಬೆರಳು ಒಳಗೆ ಬಂದಿತ್ತು.

ನನ್ನ ಬಾಯಿ ಮುಚ್ಚಿದೆ, ಅಪ್ಪ ಅಮ್ಮ ನಿದ್ದೆಯಲ್ಲಿದ್ದಾರೆ. ಹಾಗಾದರೆ ಉಳಿದ ಬಾಯಿ ಯಾವುದು? ನಾಯಕಿಗೆ ಅನುಮಾನ ಬಂದಾಗ ಪರದೆಯ ಮೇಲೆ ಗುಡುಗು ಬರುತ್ತದೆ. ನಮ್ಮನೆಯಲ್ಲಿ ಕುಕ್ಕರು ಕೂಗಿತು.

ಮಾರನೇ ಬೆಳಿಗ್ಗೆ ಹಾಲು ತರಲು ಹೋದವಳಂತೆ ಹೋಗಿ, ಹಿಂದಿನ ಬಾಗಿಲಿಂದ ಬಂದು, ಅಕ್ಕಿಡಬ್ಬದ ಹಿಂದೆ ಕೂತೆ. ಅಜ್ಜಿ ಸ್ನಾನ ಮುಗಿಸಿ ಬಂದಳು. ತೊಟ್ಟಿಯ ದೀಪ ಹಾಕಿದಳು. ಮೂಗನ್ನು ಗಾಜಿಗೆ ತಾಗಿಸಿ, ನನ್ನ ಜೊತೆ ಎಂದೂ ಆಡದಂಥ ದನಿಯಲ್ಲಿ ಹೇಳಿದಳು: "ಎದ್ಯಾ ಬಂಗಾರ? ಅಯ್ಯಯ್ಯೋ, ಎಷ್ಟು ದೊಡ್ಡದಾಗಿದೀಯಾ! ನಿನ್ನೆಗಿಂತ ಇವತ್ತು ದಪ್ಪ ಆಗಿದೀಯ ಕಣೋ. ನಿನ್ನಂಥದ್ದು ಈ ಬೀದೀಲೇ ಇಲ್ಲ."

ಗಾಜಿನ ಮೂಲೆಯಲ್ಲಿ ಒಂದು ಹಸಿರು ಚುಕ್ಕೆ ನನ್ನ ಕಣ್ಣೆದುರೇ ಮೂಡಿತು.

ಬಾಯಿಯ ಪಟ್ಟಿಯನ್ನು ಕಿತ್ತು ಹಾರಿದೆ. "ಅಜ್ಜೀ! ನೀನಾ!"

ಅಜ್ಜಿಯ ಕೈಯಲ್ಲಿದ್ದ ಮೀನಿನ ಕಾಳು ಚೆಲ್ಲಿತು. "ಥೂ ನಿನ್ನ, ಎದೆ ಒಡೆಯೋ ಹಾಗೆ ಬರ್ತೀಯಲ್ಲೇ!"

"ಆರು ವರ್ಷದಿಂದ ಅದು ಒಂದು ಕೂದಲೂ ಬೆಳೆದಿಲ್ಲ. ದಿನಾ ಹೀಗೆ ಹೇಳ್ತೀಯಾ?"

"ಹೂಂ, ದಿನಾ," ಎಂದಳು ಅಜ್ಜಿ, ತಪ್ಪು ಸಿಕ್ಕಿದ ನಾಚಿಕೆ ಸ್ವಲ್ಪವೂ ಇಲ್ಲದೆ. "ಮತ್ತೇನು, ಒಣಗಿದೀಯ, ನಿಂತೋಗಿದೀಯ ಅಂತ ಮುಖಕ್ಕೆ ಹೊಡೆದ ಹಾಗೆ ಹೇಳ್ಲಾ? ನಿಜ ಕೇಳಿ ಯಾವ್ದು ಬೆಳೆದಿದೆ ಹೇಳೇ ಪ್ರಪಂಚದಲ್ಲಿ?"

"ಬೀದಿಗೆ ಹೋಗಿ ಹೇಳಬಾರದಾ?"

"ಅದಕ್ಕೆ ಕೇಳಿಸ್ಬೇಕಲ್ಲ. ಅದನ್ನೇ ಎತ್ಕೊಂಡು ಬೀದಿಗೆ ಹೋಗ್ಲಾ?"

ಹೂಗಲ್ಲನ್ನು ಹೊಗಳುವುದನ್ನು ನಿಲ್ಲಿಸು ಎಂದು ಅವಳಿಗೆ ಹೇಳಲು ಮನಸ್ಸು ಬರಲಿಲ್ಲ. ಉಳಿದದ್ದು ಹದಿನೇಳು ದಿನ. ಇಬ್ಬರು ಸುಳ್ಳುಗಾರರಿರುವ ಮನೆಯಲ್ಲಿ ನೀರು ತಿಳಿಯಾಗುವುದು ಹೇಗೆ? ಚಪ್ಪಲಿ ಮೆಟ್ಟಿ ಗಾಜಿನಂಗಡಿಗೆ ನಡೆದೆ.

ಗಾಜಿನಂಗಡಿಯ ಝಕರಿಯಾ ಸಾಬರು ಊರಿನ ಎಲ್ಲ ತೊಟ್ಟಿಗಳನ್ನೂ ಕಟ್ಟಿದವರು. ಅಂಗಡಿಯ ಒಳಗೂ ನೀರಿನ ತೊಟ್ಟಿಗಳಿರುವುದರಿಂದ ಅವರು ಮಾತಿನಲ್ಲಿ ಜೋಪಾನ. ನಾನು ನೇರವಾಗಿ ಕೇಳಿದೆ. "ಸಾಬ್ರೇ, ಉಮಾಪತಿ ಮೇಷ್ಟ್ರ ನೀರು ಅಷ್ಟು ತಿಳಿಯಾಗಿದೆಯಲ್ಲ, ಅವರು ಸುಳ್ಳೇ ಹೇಳಲ್ವಾ?"

ಸಾಬರು ಕೈಯಲ್ಲಿದ್ದ ಅಂಟಿನ ಗನ್ನು ಕೆಳಗಿಟ್ಟರು. ಕೈ ಒರೆಸಿಕೊಂಡು, ಅಂಗಡಿಯ ಮೆಟ್ಟಿಲಿಳಿದು, ಚರಂಡಿ ದಾಟಿ, ರಸ್ತೆಯಲ್ಲಿ ನಿಂತು, "ಇಲ್ಲಮ್ಮಾ, ಅವ್ರು ಹೇಳೋದೇ ಇಲ್ಲ!" ಎಂದರು. ಆಮೇಲೆ ಒಳಗೆ ಬಂದು ಮತ್ತೆ ಗನ್ನು ಹಿಡಿದರು.

"ನೀರು ತಿಳಿಯಾಗೋ ಹಾಗೆ ಏನಾದ್ರೂ ಕೂಡಿಸಿಕೊಟ್ಟಿದೀರಾ ಅವರಿಗೆ?"

ಸಾಬರು ನಿಟ್ಟುಸಿರು ಬಿಟ್ಟು ಮತ್ತೆ ಎದ್ದರು. ನಾನು ಬಾಗಿಲಿಗೆ ಅಡ್ಡ ನಿಂತೆ. "ಬಾಸ್, ಈ ಬಾಗಿಲು ದಾಟ್ಬೇಕಾದ್ರೆ ಈ ದಮ್ಮೂನ ದಾಟಿ ಹೋಗ್ಬೇಕು."

"ಒಳ್ಳೆ ಪೀಡೆ ನೀನು," ಎಂದು ನಕ್ಕುಬಿಟ್ಟರು. "ಬಾ ಇಲ್ಲಿ. ಅದರ ಹೆಸರು ಕೆಳತೊಟ್ಟಿ. ನಿನ್ನ ಬೀದೀಲಿ ನೀರು ತಿಳಿಯಾಗಿರೋ ಪ್ರತಿ ಮನೇಲೂ ಕಟ್ಟೆ ಕೆಳಗೆ, ಪರದೆ ಹಿಂದೆ ಒಂದಿದೆ. ಎಲ್ಲಾರೂ ನಮ್ಮನೇಲಿ ಮಾತ್ರ ಇರೋದು ಅಂದ್ಕೊಂಡಿದಾರೆ. ಹೇಳ್ಬೇಡಿ ಸಾಬ್ರೇ ಅಂತಾರೆ. ಯಾರಾದ್ರೂ ಕೇಳಿದ್ರೆ ರಸ್ತೆಗಿಳಿದು ಇಳಿದು ನನ್ನ ಚಪ್ಪಲಿ ಸವೆದೋಯ್ತು."

ಸುಳ್ಳಿನ ಸಾರ ನೀರಿನಲ್ಲಿ ಕರಗಿರುತ್ತದೆ, ಅದು ಎಲ್ಲಾದರೂ ಹಸಿರಾಗಲೇಬೇಕು, ಎಂದು ಅವರು ಹೇಳಿದರು. ಹೂಗಲ್ಲಿನ ಮೈಮೇಲೆ ಹಸಿರಾದರೆ ಅದಕ್ಕೆ ಉಸಿರು ಕಟ್ಟುತ್ತದೆ. ಅದರ ಬದಲು ಪಕ್ಕದಲ್ಲೇ ಇನ್ನೊಂದು ಪುಟ್ಟ ತೊಟ್ಟಿ ಇಟ್ಟು, ಒಂದೇ ನೀರು ಎರಡರಲ್ಲೂ ಓಡಾಡುವಂತೆ ಮಾಡಿ, ಅಲ್ಲಿ ಕಡಲಹುಲ್ಲು ಬೆಳೆಸಬೇಕು. ಹುಲ್ಲು ಸಾರವನ್ನೆಲ್ಲ ತಿಂದು ಕೊಬ್ಬುತ್ತದೆ, ಪಾಚಿ ಉಪವಾಸ ಬಿದ್ದು ಸಾಯುತ್ತದೆ. "ಇನ್ನೊಂದು ಲಾಭ ಇದೆ," ಎಂದು ಒಂದು ಬಾಟಲಿಯನ್ನು ಬೆಳಕಿಗೆ ಹಿಡಿದರು. ನೀರಿನಲ್ಲಿ ರವೆಗಿಂತ ಸಣ್ಣ ಜೀವಗಳು ಕುಪ್ಪಳಿಸುತ್ತಿದ್ದವು. "ಇದು ನೀರುನುಸಿ. ದೊಡ್ಡ ತೊಟ್ಟೀಲಿ ಬಿಟ್ರೆ ಮೀನು ಒಂದೇ ದಿನಕ್ಕೆ ಮುಗಿಸುತ್ತೆ. ಹುಲ್ಲಿನ ಸಂದೀಲಿ ಮೀನಿನ ಕಾಟ ಇಲ್ಲ. ಸಂಸಾರ ಬೆಳೆಸುತ್ತೆ. ಹೆಚ್ಚಾದದ್ದು ನೀರಿನ ಜೊತೆ ಹೂಗಲ್ಲಿನ ಬಾಯಿಗೆ ಬೀಳುತ್ತೆ. ಹೂಗಲ್ಲಿಗೆ ಹಬ್ಬದೂಟ."

"ನಾಳೇನೇ ಕೂಡಿಸಿ ಸಾಬ್ರೇ."

ಸಾಬರು ಬಂದು ನೋಡಿದರೆ ನಮ್ಮ ಕಟ್ಟೆ ಗಟ್ಟಿ ಕಲ್ಲಿನದ್ದು, ಕೆಳಗೆ ಇಲಿ ತೂರುವಷ್ಟೂ ಜಾಗವಿಲ್ಲ. ಇದ್ದರೂ ಅಜ್ಜಿಯ ಮಂಡಿ ಬಗ್ಗುವುದಿಲ್ಲ. ನಾನು ಸುತ್ತ ನೋಡಿದೆ. ತೊಟ್ಟಿಯ ಪಕ್ಕದಲ್ಲೇ, ಅದಕ್ಕಿಂತ ಒಂದು ಮೊಳ ಎತ್ತರದಲ್ಲಿ, ಬೀದಿಗೆ ತೆರೆದ ಕಿಟಕಿಯ ಹಲಗೆ ಇತ್ತು. ಬೆಳಕು ಬೀಳುವ, ಬೀದಿಯಲ್ಲಿ ಹೋಗುವವರೆಲ್ಲ ಇಣುಕುವ ಜಾಗ.

"ಅಲ್ಲಿ," ಎಂದೆ.

"ಹುಚ್ಚೇನಮ್ಮಾ? ಕೆಳತೊಟ್ಟೀನ ಯಾರಾದ್ರೂ ಮೇಲಿಡ್ತಾರಾ? ಅದೂ ಕಿಟಕೀಲಿ! ನಿಮ್ಮನೆ ಸುಳ್ಳು ಎಷ್ಟು ಅಂತ ಊರೇ ನೋಡುತ್ತೆ."

"ನೋಡ್ಲಿ ಸಾಬ್ರೇ. ಹೀರೋಯಿನ್ ಎಂಟ್ರಿ ಯಾವತ್ತಾದ್ರೂ ಹಿಂದಿನ ಬಾಗಿಲಿಂದ ಆಗಿದ್ಯಾ?"

ಸಾಬರು ಅಜ್ಜಿಯ ಮುಖ ನೋಡಿದರು. ಅಜ್ಜಿ ಯೋಚಿಸಿದಳು. "ಮೇಲಿಂದ ಕೆಳಗೆ ನೀರು ತಾನಾಗೇ ಬೀಳುತ್ತಲ್ಲ?" ಎಂದು ಕೇಳಿದಳು.

"ಬೀಳುತ್ತೆ. ನಿಜ ಹೇಳ್ಬೇಕಂದ್ರೆ ಅದೇ ಒಳ್ಳೇದು. ಕೆಳಗಿಟ್ರೆ ನುಸಿ ಎಲ್ಲಾ ಪಂಪಿನೊಳಗೆ ಸಿಕ್ಕಿ ಚಟ್ನಿ ಆಗಿ ಮೇಲೆ ಬರುತ್ತೆ. ಮೇಲಿಟ್ರೆ ಜೀವಂತ ಇಳಿಯುತ್ತೆ."

"ಹಾಗಾದ್ರೆ ಮೇಲೇ ಇಡಿ. ನನ್ನ ಹೂಗಲ್ಲು ಯಾಕೆ ಚಟ್ನಿ ತಿನ್ಬೇಕು?"

ಎರಡು ದಿನ ಕೆಲಸ. ಬ್ರೆಡ್ಡಿನ ಡಬ್ಬಕ್ಕಿಂತ ಸ್ವಲ್ಪ ಉದ್ದನೆಯ ಗಾಜಿನ ತೊಟ್ಟಿ. ಅದರೊಳಗೆ ನೀರು ನುಗ್ಗಿ ಬಾರದೆ ನಿಧಾನವಾಗಿ ಹಾಯುವಂತೆ ಎರಡು ಅಡ್ಡ ಗಾಜು. ದೊಡ್ಡ ತೊಟ್ಟಿಯ ಮೂಲೆಯಲ್ಲಿ ನಿಂಬೆಹಣ್ಣಿನಷ್ಟು ಪಂಪು. ಮೀನಿನ ಬಾಲ ಸಿಕ್ಕದಿರಲಿ ಎಂದು ಅದರ ಬಾಯಿಗೆ ಸ್ಪಂಜು. ಪಂಪು ನೀರನ್ನು ಮೇಲಕ್ಕೆ ಎತ್ತುತ್ತದೆ, ಮೇಲಿನ ತೊಟ್ಟಿ ತುಂಬಿ, ಇನ್ನೊಂದು ತುದಿಯ ಕೊಳವೆಯಿಂದ ತಾನಾಗಿಯೇ ಹೂಗಲ್ಲಿನ ತಲೆಯ ಮೇಲಕ್ಕೆ ಇಳಿಯುತ್ತದೆ. ಉಪ್ಪುನೀರು ಬೆರೆಸುವಾಗ ಸಾಬರು ಅಳತೆಯ ಕೊಳವೆ ತೆಗೆದರೆ, ಅಜ್ಜಿ ಕೈಯದ್ದಿ ನಾಲಿಗೆಗೆ ಹಚ್ಚಿ "ಇನ್ನರ್ಧ ಹಿಡಿ ಹಾಕಿ" ಎಂದಳು. ಕೊಳವೆಯೂ ಅದನ್ನೇ ಹೇಳಿತು. ಮರಳು ಹಾಸಿದೆವು, ಕಲ್ಲಿನ ಚೂರು ಹರಡಿದೆವು, ಮೂರು ಬಗೆಯ ಹುಲ್ಲು ನೆಟ್ಟೆವು, ಬಾಟಲಿಯ ನುಸಿಯನ್ನು ಬಗ್ಗಿಸಿದೆವು. ದೊಡ್ಡ ತೊಟ್ಟಿಯ ದೀಪ ಆರಿದಾಗ ಇದರ ದೀಪ ಹತ್ತಬೇಕು, ಅದು ಹತ್ತಿದಾಗ ಇದು ಆರಬೇಕು ಎಂದು ಸಾಬರು ಗಡಿಯಾರದ ಸ್ವಿಚ್ಚು ಕೂಡಿಸಿದರು. "ಒಂದು ಉಸಿರಾಡಿದ್ರೆ ಇನ್ನೊಂದು ನಿದ್ದೆ. ಗಂಡ ಹೆಂಡ್ತಿ ಪಾಳಿ ಮೇಲೆ ಕೆಲಸ ಮಾಡಿದ ಹಾಗೆ."

ನಾಲ್ಕನೇ ದಿನ ನಾನು ಕೆಲಸದಿಂದ ಬಂದರೆ ಹಾಲಿನಲ್ಲಿ ಪಾದ ಮುಳುಗುವಷ್ಟು ಸಮುದ್ರ. ಅಜ್ಜಿ ಮಂಚದ ಮೇಲೆ ಕಾಲೆತ್ತಿಕೊಂಡು ಕೂತು, "ನಿನ್ನ ಎಂಟ್ರಿ ಜೋರಾಗೇ ಆಯ್ತಮ್ಮಾ" ಎಂದಳು. ಹುಲ್ಲಿನ ಒಂದು ಎಸಳು ಹೋಗಿ ಕೊಳವೆಯ ಬಾಯಿ ಮುಚ್ಚಿ, ನೀರು ಗೋಡೆಯಿಂದ ಇಳಿದಿತ್ತು. ಅಜ್ಜಿಯ ಮರದ ಬಾಚಣಿಗೆಯನ್ನು ಕೊಳವೆಯ ಮುಂದೆ ಅಡ್ಡ ಕೂಡಿಸಿದೆ. ನೀರು ಹಲ್ಲಿನ ಸಂದಿಯಿಂದ ಹೋಯಿತು, ಹುಲ್ಲು ಈಚೆಗೆ ಉಳಿಯಿತು. ಸಾಬರು ನೋಡಿ, "ನಲವತ್ತು ವರ್ಷದಿಂದ ಗಾಜಲ್ಲಿ ಹಲ್ಲು ಕೊರೀತಿದೀನಿ, ಇದು ಹೊಳೀಲಿಲ್ಲ ನೋಡು" ಎಂದರು. ನಮ್ಮ ಮನೆಯ ಒಳಗೇ ನಿಂತು ಹೇಳಿದ್ದರಿಂದ ಅದು ನಿಜವಾದ ಹೊಗಳಿಕೆ.

ಬಾಯಿಯ ಪಟ್ಟಿಯನ್ನು ನಾನು ಎಸೆದಿದ್ದೆ. ಅಜ್ಜಿ ದಿನಾ ಬೆಳಿಗ್ಗೆ ಹೂಗಲ್ಲನ್ನು ಹೊಗಳಿದಳು, ನಾನು ದಿನವಿಡೀ ನನ್ನ ಕೆಲಸ ಮಾಡಿದೆ. ಹುಲ್ಲು ಬೆಳೆಯಿತು ನೋಡಿ! ಯಾವ ಸುಳ್ಳಿಗೆ ಯಾವ ಹುಲ್ಲು ಎಂಬುದೂ ವಾರದಲ್ಲಿ ತಿಳಿಯಿತು. ಜಂಬಕ್ಕೆ ದ್ರಾಕ್ಷಿ ಗೊಂಚಲಿನಂಥದ್ದು. ನೆಪಕ್ಕೆ ಗೋಜಲು ದಾರದಂಥದ್ದು. ಅಜ್ಜಿಯ ಮಾತಿಗೆ ಕೆಂಪು ಹರಿವೆಯಂಥ ನಯವಾದ ಹುಲ್ಲು, ನುಸಿಗಳಿಗೆ ಅದೇ ಬಲು ಇಷ್ಟ. ಸಿನಿಮಾ ಡೈಲಾಗು ಸುಳ್ಳೋ ಅಲ್ಲವೋ ಎಂಬ ನನ್ನ ಬಹುದಿನದ ಸಂಶಯವೂ ಪರಿಹಾರವಾಯಿತು. ಒಂದು ದಿನ ಪೂರ್ತಿ ನಾಯಕನ ಮಾತುಗಳನ್ನು ಮಾತ್ರ ಹೇಳಿದೆ: ನೂರು ಜನಾನ ಹೊಡೀತೀನಿ, ಬೆಟ್ಟ ಎತ್ತುತೀನಿ, ನಿನಗಾಗಿ ಏಳು ಜನ್ಮ ಕಾಯ್ತೀನಿ. ಸಂಜೆಗೆ ಒಂದು ಹೊಸ ಗೊಂಚಲು. ಮಾರನೇ ದಿನ ಖಳನಾಯಕನದ್ದು ಮಾತ್ರ: ನನಗೆ ಈ ಜಾಗ ಬೇಕು, ನನಗೆ ಸಿಟ್ಟು ಬಂದಿದೆ, ನನ್ನ ಕಂಡರೆ ನಿಂಗೆ ಆಗಲ್ಲ. ಒಂದೆಳೆಯೂ ಬೆಳೆಯಲಿಲ್ಲ.

ಬೀದಿಯ ಜನ ಮೊದಮೊದಲು ತಲೆ ತಗ್ಗಿಸಿ ಹೋಗುತ್ತಿದ್ದರು, ಯಾರದೋ ಒಳಗಿನ ಬಟ್ಟೆ ಒಣಹಾಕಿದ್ದು ಕಣ್ಣಿಗೆ ಬಿದ್ದಂತೆ. ಆಮೇಲೆ ನಿಧಾನಿಸಿದರು. ಆಮೇಲೆ ನಿಂತರು. ಹಸಿರು, ಕೆಂಪು, ಗೊಂಚಲು, ಅದರೊಳಗೆ ಚುಕ್ಕಿ ಚುಕ್ಕಿ ಕುಪ್ಪಳಿಸುವ ನುಸಿ, ಹಿಂದಿನಿಂದ ಬೆಳಕು. ಚೆನ್ನಾಗಿತ್ತು. ಚೆನ್ನಾಗಿದೆ ಎಂದು ಹೇಳಲು ಅವರು ಬೀದಿಯಿಂದ ನಮ್ಮ ಹೊಸ್ತಿಲೊಳಗೆ ಬಂದರು! ನಮ್ಮೂರಿನಲ್ಲಿ ಹೊಗಳುವುದಕ್ಕೆ ಯಾರಾದರೂ ಒಳಗೆ ಬಂದದ್ದನ್ನು ಅಜ್ಜಿ ಜನ್ಮದಲ್ಲಿ ಮೊದಲ ಸಲ ನೋಡಿದಳು.

ಹುಣ್ಣಿಮೆ ಬಂತು. ಕಾಮಾಕ್ಷಮ್ಮ ಹಲಗೆ ಹಿಡಿದು ಬಂದರು. ಹಿಂದೆಯೇ ಉಮಾಪತಿ ಮೇಷ್ಟ್ರು, ಕೈಯಲ್ಲಿ ಹೂಗಲ್ಲು ಒಯ್ಯಲು ಬಕೆಟ್ಟು. ಕಿಟಕಿಯ ಹೊರಗೆ ಅರ್ಧ ಬೀದಿ. ಅಜ್ಜಿ ಹೊಸ ಸೀರೆ ಉಟ್ಟು ಕುರ್ಚಿಯಲ್ಲಿ ಕೂತಿದ್ದಳು. ಅವಳ ಕೈ ನನ್ನ ಕೈಯೊಳಗಿತ್ತು.

ಕಾಮಾಕ್ಷಮ್ಮ ಕನ್ನಡಕ ಸರಿಮಾಡಿಕೊಂಡು ಓದಿದರು. ಮೊದಲ ಸಾಲು, ಎರಡು, ಮೂರು. ನಾಲ್ಕನೆಯದಕ್ಕೆ ಸ್ವಲ್ಪ ಬಗ್ಗಿದರು. ಐದನೆಯದಕ್ಕೆ ಉಸಿರು ಹಿಡಿದರು. ನಾವೂ ಹಿಡಿದೆವು.

"ಇಷ್ಟು... ಓದಿದವರಿಗೆ... ಮನೆಯವರು... ಕಾಫಿ ಕೊಡತಕ್ಕದ್ದು," ಎಂದು ಓದಿದರು.

ಹಿಂದೆಲ್ಲ ಅವರು ಆ ಸಾಲನ್ನು ಮನಸ್ಸಿನಲ್ಲೇ ಓದಿಕೊಂಡು ಹೋಗುತ್ತಿದ್ದರಾದ್ದರಿಂದ ಅದರಲ್ಲಿ ಹಾಗೆ ಬರೆದಿದೆ ಎಂದು ನಮಗೆ ಗೊತ್ತೇ ಇರಲಿಲ್ಲ. ಅಜ್ಜಿ ಎದ್ದು ಅಡುಗೆಮನೆಗೆ ಹೊರಟೇಬಿಟ್ಟಳು, ಮಂಡಿನೋವನ್ನೂ ಮರೆತು.

"ಒಂದ್ನಿಮಿಷ," ಎಂದರು ಮೇಷ್ಟ್ರು. ಬಕೆಟ್ಟು ಕೆಳಗಿಟ್ಟರು. "ಕಾಮಾಕ್ಷಮ್ಮನವ್ರೇ, ಇದು ನ್ಯಾಯಾನಾ? ಇವರ ನೀರು ತಿಳಿಯಾಗಿರೋದು ಬಾಯಿ ತಿಳಿಯಾಗಿರೋದಕ್ಕಲ್ಲ. ಸುಳ್ಳನ್ನೆಲ್ಲಾ ತಗೊಂಡೋಗಿ ಕಿಟಕೀಲಿ ಬೆಳೆಸಿದಾರೆ. ಮಾನ ಮರ್ಯಾದೆ ಬೇಡ್ವಾ? ಇದು ಲೆಕ್ಕಕ್ಕೆ ಬರಬಾರದು. ಹೂಗಲ್ಲು ನನ್ನ ಮನೆಗೆ ಬರ್ಬೇಕು."

ಅಜ್ಜಿ ಅಡುಗೆಮನೆಯ ಬಾಗಿಲಲ್ಲಿ ಕಾಫಿಪುಡಿ ಡಬ್ಬ ಹಿಡಿದು ನಿಂತುಬಿಟ್ಟಳು. ಕಾಮಾಕ್ಷಮ್ಮ ಹಲಗೆಯನ್ನು ಒರೆಸುತ್ತ ಯೋಚಿಸಿದರು. ನನ್ನ ತಲೆಗೆ ನೂರು ಡೈಲಾಗು ಬಂದವು, ಒಂದೂ ಹೊಂದಲಿಲ್ಲ. ಕೊನೆಗೆ ಸಾದಾ ಮಾತೇ ಬಂತು.

"ಮೇಷ್ಟ್ರೇ, ನಿಮ್ಮನೇಲಿ ಕೆಳತೊಟ್ಟಿ ಇಲ್ವಾ?"

ಮೇಷ್ಟ್ರು ಬಾಯಿ ತೆರೆದರು. ಮುಚ್ಚಿದರು. ನಮ್ಮ ನೀರಿನತ್ತ ಒಮ್ಮೆ ನೋಡಿದರು. ಆಮೇಲೆ, ಅರವತ್ತು ವರ್ಷದ ಅಭ್ಯಾಸದಂತೆ, ಪಂಚೆ ಸರಿಮಾಡಿಕೊಂಡು, ಚಪ್ಪಲಿ ಮೆಟ್ಟಿ, ಹೊಸ್ತಿಲು ದಾಟಿ, ಮೆಟ್ಟಿಲಿಳಿದು, ಬೀದಿಯ ನಡುವೆ ನಿಂತು, "ನಮ್ಮನೇಲಿ ಅಂಥದ್ದೇನೂ ಇಲ್ಲ!" ಎಂದರು.

ತಾನು ಎಲ್ಲಿ ನಿಂತಿದ್ದೇನೆ ಎಂದು ಮೇಷ್ಟ್ರಿಗೇ ಹೊಳೆಯಿತು. ಕಿಟಕಿಯ ಹತ್ತಿರದಿಂದ ಯಾರೋ ಕಿಸಕ್ಕೆಂದರು. ಆಮೇಲೆ ಇಡೀ ಬೀದಿ ನಕ್ಕ ನಗುವಿಗೆ ನಮ್ಮ ಪಟ್ಟೆಮೀನುಗಳು ಕಲ್ಲಿನ ಹಿಂದೆ ಅಡಗಿದವು. ನಾನು ಮಾತ್ರ ನಗಲಿಲ್ಲ, ಏಕೆಂದರೆ ಬಿಸಿಲಿನಲ್ಲಿ ಒಬ್ಬರೇ ನಿಂತ ಅವರ ಕಿವಿ ಕೆಂಪಾಗಿದ್ದು ನನಗೆ ಕಾಣುತ್ತಿತ್ತು.

"ಮೇಷ್ಟ್ರೇ, ಬಿಸಿಲಿದೆ. ಒಳಗೆ ಬನ್ನಿ. ಕಾಫಿಗೆ ಸಕ್ಕರೆ ಎಷ್ಟು ಹಾಕ್ಲಿ?" ಎಂದಳು ಅಜ್ಜಿ.

ಮೇಷ್ಟ್ರು ಬಂದರು. ಕಾಲು ತೊಳೆದರು. ತೊಟ್ಟಿಯ ಮುಂದೆ ನಿಂತು ಸಣ್ಣ ದನಿಯಲ್ಲಿ, "ಮೂರಿದೆ," ಎಂದರು.

"ಮೂರು ಚಮಚಾನಾ?"

"ಅಲ್ಲ. ಕೆಳತೊಟ್ಟಿ. ಮೂರಿದೆ." ಅವರು ಕುರ್ಚಿಯಲ್ಲಿ ಕುಸಿದು ಕೂತರು. "ನಮ್ಮನೆಯವ್ಳು ಹಾಡ್ತಾಳೆ ಪದ್ದಮ್ಮನವ್ರೇ. ಮೂವತ್ತೆಂಟು ವರ್ಷದಿಂದ, ದಿನಾ ಬೆಳಿಗ್ಗೆ. ಆದ್ಮೇಲೆ ಹೇಗಿತ್ತು ಅಂತ ಕೇಳ್ತಾಳೆ. ಪ್ರತಿ ಸಲ ಬೀದಿಗೆ ಹೋಗಿ ಹೇಳೋಕಾಗುತ್ತಾ?"

ಯಾರೂ ನಗಲಿಲ್ಲ. ಕಿಟಕಿಯ ಹೊರಗಿದ್ದವರಲ್ಲಿ ಒಬ್ಬಿಬ್ಬರು ತಮ್ಮ ಮನೆಯ ಕಡೆ ನೋಡಿಕೊಂಡರು. ಕಾಮಾಕ್ಷಮ್ಮ ಪುಸ್ತಕ ತೆರೆದು, "ಅಕ್ಷರ ಕಾಣ್ಬೇಕು ಅಂತ ನಿಯಮ ಇದೆ. ಕಂಡಿದೆ. ಹುಲ್ಲು ಎಲ್ಲಿ ಬೆಳೀಬೇಕು ಅಂತ ಎಲ್ಲೂ ಬರೆದಿಲ್ಲ," ಎಂದು ಹೇಳಿ, ನಮ್ಮ ಮನೆಯ ಹೆಸರಿನ ಮುಂದೆ 'ತಿಳಿ' ಎಂದು ಬರೆದರು. ಅಜ್ಜಿ ಕಾಫಿ ತಂದಳು. ಮೇಷ್ಟ್ರು ಕುಡಿದು, "ನೀರಾಗಿದೆ," ಎಂದರು. "ಆದ್ರೂ ಇನ್ನರ್ಧ ಲೋಟ ಕೊಡಿ."

ಆ ವಾರವೇ ಅವರ ಮೂರು ಕೆಳತೊಟ್ಟಿಗಳು ಕಿಟಕಿಗೆ ಬಂದವು, ಮೂರರಲ್ಲೂ ಸೊಂಪಾದ ಕೆಂಪು ಹುಲ್ಲು. ಬೀದಿಯ ಉಳಿದವರೂ ಒಬ್ಬೊಬ್ಬರಾಗಿ ತಂದಿಟ್ಟರು. ಸಾಬರ ಚಪ್ಪಲಿ ಸವೆಯುವುದು ನಿಂತಿತು.

ಇತ್ತ ನಮ್ಮ ಹೂಗಲ್ಲು ಕೂದಲುಪಾಚಿಯಿಂದ ಬಿಡಿಸಿಕೊಂಡು, ದಿನವಿಡೀ ನುಸಿ ನುಂಗಿ ನುಂಗಿ, ಆರು ವರ್ಷದ ಮೇಲೆ ಅಂಚಿನಲ್ಲಿ ಒಂದು ಸಾಲು ಹೊಸ ಬಾಯಿ ತೆರೆಯಿತು. ಮರುವಾರ ಇನ್ನೊಂದು ಸಾಲು. ಅಜ್ಜಿ ದಿನಾ "ನಿನ್ನೆ ನೋಡಿದ್ದಕ್ಕಿಂತ ದಪ್ಪ ಆಗಿದೀಯ" ಎನ್ನುತ್ತಲೇ ಇದ್ದಳು. ಈಗ ಅದು ನಿಜವಾಗಿಬಿಟ್ಟಿತ್ತು. ಕಷ್ಟ ಶುರುವಾದದ್ದೇ ಅಲ್ಲಿ. ಕಿಟಕಿಯ ಕೆಂಪು ಹುಲ್ಲು ಬಿಳಿಚಿಕೊಂಡಿತು. ನುಸಿ ಕಡಿಮೆಯಾಯಿತು. ಹೂಗಲ್ಲಿನ ಹೊಸ ಬಾಯಿಗಳು ತೆರೆದುಕೊಂಡು ಸುಮ್ಮನೆ ಕಾಯತೊಡಗಿದವು.

"ದಮ್ಮೂ, ಹುಲ್ಲು ಬಾಡ್ತಿದೆ ಕಣೇ. ಏನಾದ್ರೂ ಹೇಳು," ಎಂದಳು ಅಜ್ಜಿ ಒಂದು ಬೆಳಿಗ್ಗೆ.

"ಏನು ಹೇಳ್ಲಿ?"

"ಅದನ್ನೂ ನಾನೇ ಹೇಳ್ಕೊಡ್ಬೇಕಾ? ಜನ್ಮವಿಡೀ ಹೇಳ್ತಿದ್ದೆಯಲ್ಲ. ಯಾವ್ದಾದ್ರೂ ಒಂದು ಒಳ್ಳೇದು ಬಿಡು."

ಹೇಳು ಎಂದ ಮೇಲೆ ಬರುತ್ತದೆಯೇ! ಕಣ್ಣು ಮುಚ್ಚಿ ತಿಣುಕಿದೆ. ಬೆಟ್ಟ ಎತ್ತುತೀನಿ ಎಂದೆ. ನೀರು ನಂಬಲಿಲ್ಲ, ಸುಳ್ಳು ಎಂದೂ ಎಣಿಸಲಿಲ್ಲ. ಎರಡು ದಿನ ಏನೇನೋ ಹೇಳಿದೆ. ಮನಸ್ಸಿಲ್ಲದೆ ಹೇಳಿದ್ದಕ್ಕೆ ಒಂದು ಎಸಳೂ ಚಿಗುರಲಿಲ್ಲ. ಮೂರನೇ ದಿನ ಅಜ್ಜಿ ತಟ್ಟೆಯನ್ನು ಟಣ್ಣೆಂದು ನನ್ನ ಮುಂದಿಟ್ಟಳು. "ಉಪಯೋಗಕ್ಕೆ ಬಾರದ ಬಾಯಿ! ಬೇಡ ಅಂದಾಗ ಇಡೀ ಮನೆ ಹಸಿರು ಮಾಡಿದೆ. ಬೇಕು ಅಂದಾಗ ಒಂದು ಸುಳ್ಳಿಗೂ ಗತಿ ಇಲ್ಲ. ತಿನ್ನು, ತಿಂದು ಹಾಳಾಗು."

ನನಗೆ ನಿಜಕ್ಕೂ ಬೇಜಾರಾಯಿತು. ಕೀಟಲೆಯಲ್ಲ, ಡೈಲಾಗಲ್ಲ, ಕಣ್ಣಲ್ಲಿ ನೀರು ಬಂತು. ನನ್ನ ಬಾಯಿ ಎಷ್ಟು ಮಂದಿಗೆ ಎಷ್ಟು ತೊಂದರೆ ಕೊಟ್ಟಿತು ಎಂದು ಅನ್ನಿಸಿತು. ಅಜ್ಜಿಯ ಎರಡೂ ಕೈ ಹಿಡಿದುಕೊಂಡು, ಪೂರ್ತಿ ಮನಸ್ಸಿನಿಂದ ಹೇಳಿದೆ: "ಅಜ್ಜಿ, ನನಗೆ ಸಾಕಾಗಿದೆ. ನಿನ್ನಾಣೆ. ಇನ್ಮೇಲೆ ಈ ಜನ್ಮದಲ್ಲಿ ನಾನು ಒಂದು ಸುಳ್ಳೂ ಹೇಳಲ್ಲ, ಯಾರಿಗೂ ಕೀಟಲೆ ಮಾಡಲ್ಲ."

ಅಜ್ಜಿ ನನ್ನ ಭುಜದ ಮೇಲಿಂದ ಕಿಟಕಿಯ ಹುಲ್ಲಿನ ಕಡೆ ನೋಡುತ್ತಿದ್ದಳು. ಅವಳ ಮುಖ ಮೆಲ್ಲಗೆ ಅರಳಿತು.

"ಸಾಕು ಬಿಡೇ," ಎಂದಳು, "ಇದು ಒಂದು ವರ್ಷಕ್ಕಾಗುತ್ತೆ."